ಕೋಡಿ ಇಲ್ಲದ ಕೆರೆ

ನಾನು ಚಿಕ್ಕವನಿದ್ದಾಗ ನಮ್ಮೂರ ಕೆರೆಯ ಕೋಡಿಯನ್ನು ಎರಡು ಅಡಿ ಎತ್ತರಿಸಿದ್ದರು. ಕೋಡಿ ಬಿದ್ದರೆ ನೀರು ಸುಮ್ನೆ ಹರಿದು ಹೋಗುತ್ತೆ, ಅದನ್ನೂ ಹಿಡಿದಿಟ್ಟರೆ ಎರಡನೇ ಬೆಳೆಗೂ ಆಗುತ್ತೆ ಅನ್ನೋದು ಊರವರ ಲೆಕ್ಕ. ಮೂರು ವರ್ಷ ಆ ಲೆಕ್ಕ ಸರಿಯಾಗಿಯೇ ಇತ್ತು. ಕೆರೆ ಕಂಠಮಟ್ಟ ತುಂಬಿ ಕನ್ನಡಿ ಹಾಗೆ ನಿಂತಿರುತ್ತಿತ್ತು. ನಾಲ್ಕನೇ ವರ್ಷ ಒಂದು ರಾತ್ರಿಯ ಮಳೆಗೆ ಕೆರೆಯ ಏರಿಯೇ ಒಡೆಯಿತು. ಬೆಳಿಗ್ಗೆ ಅಪ್ಪನ ಜೊತೆ ಹೋಗಿ ನೋಡಿದರೆ ಗದ್ದೆಗಳ ಮೇಲೆಲ್ಲಾ ಮೊಣಕಾಲುದ್ದ ಮರಳು. ಕೆರೆಯಲ್ಲಿ ಬರೀ ಕೆಸರು, ಅದರಲ್ಲಿ ಒದ್ದಾಡುವ ಮೀನು.

2024ರ ಡಿಸೆಂಬರ್ ಮೊದಲ ವಾರದಲ್ಲಿ ಆ ಮರಳು ತುಂಬಾ ನೆನಪಾಯಿತು. ಒಂದೇ ವಾರದಲ್ಲಿ ದಕ್ಷಿಣ ಕೊರಿಯಾದ ಸುದ್ದಿಯೂ ಬಂತು, ಸಿರಿಯಾದ ಸುದ್ದಿಯೂ ಬಂತು. ಆಗಿನಿಂದ ಬರೀಬೇಕು ಅಂದುಕೊಂಡಿದ್ದೆ. ಮೊನ್ನೆ ಆತ್ಮೀಯರೊಬ್ಬರು ಮಾತಿನ ಮಧ್ಯೆ, "ಜನಕ್ಕೆ ಇಷ್ಟು ಸ್ವಾತಂತ್ರ್ಯ ಕೊಟ್ಟಿದ್ದೇ ತಪ್ಪು. ಐದು ವರ್ಷ ಮಿಲಿಟರಿ ಕೈಗೆ ಕೊಟ್ಟು ನೋಡಿ, ದೇಶ ಹೇಗೆ ಗಟ್ಟಿಯಾಗುತ್ತೆ" ಅಂದರು. ಒಳ್ಳೆಯ ಮನುಷ್ಯರು, ದೇಶದ ಮೇಲಿನ ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಡಿಸೆಂಬರ್ 3ರ ರಾತ್ರಿ ಹತ್ತೂವರೆ ಹೊತ್ತಿಗೆ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಯಲ್ಲಿ ಬಂದು ಮಾರ್ಷಲ್ ಲಾ, ಅಂದರೆ ಸೈನ್ಯದ ಆಳ್ವಿಕೆ, ಘೋಷಿಸಿದರು. ನಮಗಿಲ್ಲಿ ಸಂಜೆ ಏಳು ಗಂಟೆ. ರಾಜಕೀಯ ಚಟುವಟಿಕೆ ಬಂದ್, ಪತ್ರಿಕೆಗಳೆಲ್ಲಾ ಸೈನ್ಯದ ಹಿಡಿತಕ್ಕೆ ಅಂತ ಆದೇಶ ಬಂತು. ಸೈನಿಕರು ಹೆಲಿಕಾಪ್ಟರ್‌ನಲ್ಲಿ ಬಂದು ಸಂಸತ್ತಿನ ಆವರಣದಲ್ಲಿ ಇಳಿದರು. ನಾನು ಫೋನ್ ಹಿಡಿದು ಕೂತವನು ಏಳಲೇ ಇಲ್ಲ. ಜನ ಚಳಿಯಲ್ಲಿ ಓಡಿ ಬಂದು ಗೇಟಿನ ಮುಂದೆ ನಿಂತರು. ಅರವತ್ತೇಳು ವರ್ಷದ ಸ್ಪೀಕರ್ ವೂ ವೊನ್ ಶಿಕ್ ಬೇಲಿ ಹತ್ತಿ ಒಳಗೆ ಹಾರಿದರು. ವಿರೋಧ ಪಕ್ಷದ ನಾಯಕ ಲೀ ಜೇ ಮ್ಯುಂಗ್ ಬೇಲಿ ಹತ್ತುತ್ತಲೇ ಫೋನಿನಲ್ಲಿ ಲೈವ್ ಕೊಟ್ಟರು. ಸಂಸತ್ತಿನ ಸಿಬ್ಬಂದಿ ಬಾಗಿಲಿಗೆ ಕುರ್ಚಿ ಮೇಜು ಅಡ್ಡ ಇಟ್ಟು, ಬೆಂಕಿ ಆರಿಸುವ ಸಿಲಿಂಡರಿನ ಹೊಗೆ ಬಿಟ್ಟು ಸೈನಿಕರನ್ನು ತಡೆದರು. ರಾತ್ರಿ ಒಂದರ ಹೊತ್ತಿಗೆ 300 ಸದಸ್ಯರಲ್ಲಿ 190 ಜನ ಒಳಗೆ ಸೇರಿದ್ದರು. 190 ಮತಗಳೂ ಮಾರ್ಷಲ್ ಲಾ ವಿರುದ್ಧ. ಅಧ್ಯಕ್ಷರ ಪಕ್ಷದವರೇ ಕೆಲವರು ಅದರಲ್ಲಿದ್ದರು! ಬೆಳಗಿನ ಜಾವ ನಾಲ್ಕೂವರೆಗೆ ಆದೇಶ ವಾಪಸ್. ಆರು ಗಂಟೆಯ ಆಟ.

ಮರುದಿನ ಇಲ್ಲಿ ಜನ "ಕೊರಿಯಾ ಅಲುಗಾಡುತ್ತಿದೆ" ಅಂದರು. ನನಗೆ ಕಂಡಿದ್ದು ಬೇರೆ. ಆ ದೇಶದ ಕೋಡಿ ಕೆಲಸ ಮಾಡಿತು.

ಆ ಕೋಡಿಯನ್ನು ಕಟ್ಟಲು ಅವರು ಕೊಟ್ಟ ಬೆಲೆ ಸಣ್ಣದಲ್ಲ. 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ಊರಲ್ಲಿ ಸೈನ್ಯ ತನ್ನದೇ ಜನರ ಮೇಲೆ ಗುಂಡು ಹಾರಿಸಿತ್ತು. 1987ರ ಜನವರಿಯಲ್ಲಿ ಪಾರ್ಕ್ ಜೋಂಗ್ ಚುಲ್ ಅನ್ನೋ ವಿದ್ಯಾರ್ಥಿ ಪೊಲೀಸರ ಚಿತ್ರಹಿಂಸೆಯಲ್ಲಿ ಸತ್ತ. "ಮೇಜು ಕುಟ್ಟಿದೆವು, ಹಾಗೇ ಬಿದ್ದು ಸತ್ತ" ಅಂತ ಪೊಲೀಸರು ಹೇಳಿದರು. ಆ ಸುಳ್ಳನ್ನು ಜನ ನುಂಗಲಿಲ್ಲ. ಜೂನ್‌ನಲ್ಲಿ ಊರೂರೇ ಬೀದಿಗೆ ಬಂತು. ಟೈ ಕಟ್ಟಿದ ಆಫೀಸು ನೌಕರರೂ ಬಂದರು. ಕೊನೆಗೆ ಸರ್ಕಾರ ಬಗ್ಗಿತು, ನೇರ ಚುನಾವಣೆಗೆ ಒಪ್ಪಿತು. ಆ ವರ್ಷದ ಹೊಸ ಸಂವಿಧಾನದಲ್ಲಿ ಅಧ್ಯಕ್ಷರಿಗೆ ಐದು ವರ್ಷದ ಒಂದೇ ಅವಧಿ. ಸಂಸತ್ತನ್ನು ವಿಸರ್ಜಿಸುವ ಅಧಿಕಾರವನ್ನು ಅವರಿಂದ ಕಿತ್ತುಕೊಂಡರು. ಅಧ್ಯಕ್ಷರನ್ನೇ ಮನೆಗೆ ಕಳಿಸಬಲ್ಲ ಸಾಂವಿಧಾನಿಕ ನ್ಯಾಯಾಲಯ ಹುಟ್ಟಿತು. 2025ರ ಏಪ್ರಿಲ್ 4ರಂದು ಇದೇ ನ್ಯಾಯಾಲಯದ ಎಂಟಕ್ಕೆ ಎಂಟೂ ನ್ಯಾಯಮೂರ್ತಿಗಳು ಯೂನ್ ಅವರನ್ನು ಕೆಳಗಿಳಿಸಿದರು. ಜೂನ್‌ನಲ್ಲಿ ಚುನಾವಣೆ ಆಯಿತು. ಬೇಲಿ ಹಾರಿದ್ದ ಲೀ ಗೆದ್ದರು. ಅಷ್ಟೇ.

ಈಗ ಸಿರಿಯಾ. ಅಲ್ಲಿ ಅಸಾದ್ ಕುಟುಂಬ 1970ರಿಂದ ಆಳುತ್ತಿತ್ತು. ತುರ್ತು ಕಾನೂನು 1963ರಿಂದಲೇ ಇತ್ತು. 2000ದಲ್ಲಿ ಅಪ್ಪ ಸತ್ತಾಗ ಮಗ ಬಶರ್‌ಗೆ 34 ವರ್ಷ. ಅಧ್ಯಕ್ಷನಾಗಲು 40 ಆಗಿರಬೇಕು ಅಂತ ಸಂವಿಧಾನದಲ್ಲಿತ್ತು. ತಕ್ಷಣ ಅದನ್ನು 34 ಅಂತ ತಿದ್ದಿದರು. ಒಂದು ಗಲಾಟೆ ಇಲ್ಲ, ಒಂದು ಪ್ರಶ್ನೆ ಇಲ್ಲ. ಹೊರಗಿನಿಂದ ನೋಡುವವರಿಗೆ ಇದಕ್ಕಿಂತ ಗಟ್ಟಿ ದೇಶ ಇನ್ನೊಂದು ಬೇಕಾ?

ಆ ವರ್ಷವೇ ಡಮಾಸ್ಕಸ್‌ನಲ್ಲಿ ಜನ ತಮ್ಮ ಮನೆಗಳ ಹಾಲ್‌ನಲ್ಲಿ ಸೇರಿ ದೇಶದ ಬಗ್ಗೆ ಮಾತಾಡಲು ಶುರು ಮಾಡಿದ್ದರು. ಲೇಖಕರು, ವಕೀಲರು, ಮೇಷ್ಟ್ರುಗಳು. ಅವರು ಕೇಳಿದ್ದು ತುರ್ತು ಕಾನೂನು ತೆಗೀರಿ, ರಾಜಕೀಯ ಕೈದಿಗಳನ್ನು ಬಿಡಿ ಅಂತ. ಬಂದೂಕು ಹಿಡಿದವರಲ್ಲ ಇವರು. ಡಮಾಸ್ಕಸ್ ವಸಂತ ಅಂತ ಅದಕ್ಕೆ ಹೆಸರೂ ಬಂದಿತ್ತು. 2001ರಲ್ಲಿ ಎಲ್ಲಾ ಮುಚ್ಚಿಸಿ, ಮುಂದಾಳುಗಳನ್ನು ಜೈಲಿಗೆ ಹಾಕಿದರು. ಇದನ್ನು ಓದಿದಾಗಲೆಲ್ಲಾ ನನಗೆ ಹೊಟ್ಟೆ ಉರಿಯುತ್ತದೆ. ನಾಳೆ ಸರ್ಕಾರದ ಜೊತೆ ಕೂತು ಮಾತಾಡಬಲ್ಲವರು, ಜನರನ್ನು ಸಮಾಧಾನ ಮಾಡಬಲ್ಲವರು ಇವರೇ ಆಗಿದ್ದರು.

2011ರ ಜನವರಿ ಕೊನೆಗೆ ಈಜಿಪ್ಟ್ ಹೊತ್ತಿ ಉರಿಯುತ್ತಿದ್ದಾಗ ಬಶರ್ ಒಂದು ಸಂದರ್ಶನದಲ್ಲಿ ಸಿರಿಯಾ ಸ್ಥಿರವಾಗಿದೆ ಅಂದಿದ್ದ. ದರಾ ಊರಿನ ಹುಡುಗರು ಶಾಲೆಯ ಗೋಡೆ ಮೇಲೆ ಸರ್ಕಾರದ ವಿರುದ್ಧ ಬರೆದರು. ಅವರನ್ನು ಹಿಡಿದುಕೊಂಡು ಹೋಗಿ ಹಿಂಸೆ ಕೊಟ್ಟರು. ಮಾರ್ಚ್ ಮಧ್ಯದಲ್ಲಿ ಊರು ಎದ್ದಿತು. ಗುಂಡು ಹಾರಿತು. ಮುಂದೆ ಲಕ್ಷಾಂತರ ಜನ ಸತ್ತರು, ದೇಶದ ಅರ್ಧಕ್ಕೂ ಹೆಚ್ಚು ಜನ ಮನೆ ಬಿಟ್ಟರು. 2021ರ ಚುನಾವಣೆಯಲ್ಲಿ ಬಶರ್‌ಗೆ ಶೇ. 95ರಷ್ಟು ಮತ ಅಂತ ಘೋಷಿಸಿದರು. 2024ರ ನವೆಂಬರ್ 27ಕ್ಕೆ ಬಂಡುಕೋರರು ಹೊರಟರು. ಅಲೆಪ್ಪೊ, ಹಮಾ, ಹೋಮ್ಸ್ ಒಂದಾದ ಮೇಲೊಂದು ಬಿದ್ದವು. ಡಿಸೆಂಬರ್ 8ರ ಬೆಳಗಿನ ಹೊತ್ತಿಗೆ ಬಶರ್ ಓಡಿಹೋಗಿದ್ದ. 54 ವರ್ಷದ್ದು ಹನ್ನೆರಡು ದಿನದಲ್ಲಿ ಮುಗಿಯಿತು. ಆ ಶೇ. 95 ಯಾವ ಕೆಲಸಕ್ಕೂ ಬರಲಿಲ್ಲ.

ಕೊನೆಯ ಸೋವಿಯತ್ ನಾಯಕ ಗೋರ್ಬಚೇವ್ ಜನ ಮಾತಾಡಲಿ ಅಂತ ಬಾಗಿಲು ತೆರೆದಿದ್ದಕ್ಕೇ ಸೋವಿಯತ್ ಒಕ್ಕೂಟ ಒಡೀತು ಅಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಹಳ ಕಾಲ ಮುಚ್ಚಿದ್ದನ್ನು ತೆರೆಯುವ ಹೊತ್ತು ನಿಜಕ್ಕೂ ಅಪಾಯದ್ದು, ಅದನ್ನು ನಾನು ಒಪ್ಪುತ್ತೇನೆ. ಕೊರಿಯಾದಲ್ಲೂ 1987ರ ಬೇಸಿಗೆಯಲ್ಲಿ ಸಾವಿರಾರು ಕಾರ್ಖಾನೆಗಳಲ್ಲಿ ಮುಷ್ಕರ ನಡೆದಿತ್ತು. ಆದರೆ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣು ವಿದ್ಯುತ್ ಸ್ಥಾವರ ನೆನಪಿಸಿಕೊಳ್ಳಿ. 1986ರ ಏಪ್ರಿಲ್ 26ಕ್ಕೆ ರಿಯಾಕ್ಟರ್ ಸಿಡಿಯಿತು. ಸ್ವೀಡನ್‌ನವರು ವಿಕಿರಣ ಹಿಡಿದು ಕೇಳುವವರೆಗೂ ಮಾಸ್ಕೋ ಬಾಯಿ ಬಿಡಲಿಲ್ಲ. ಹತ್ತಿರದ ಕೀವ್‌ನಲ್ಲಿ ಮೇ 1ರಂದು ಮಕ್ಕಳನ್ನು ಮೆರವಣಿಗೆಯಲ್ಲಿ ನಡೆಸಿದರು. ತನ್ನ ಮಕ್ಕಳಿಗೂ ನಿಜ ಹೇಳದ ಸರ್ಕಾರವನ್ನು ಜನ ಆಮೇಲೆ ಯಾಕೆ ನಂಬಬೇಕು? ನನ್ನ ಪ್ರಕಾರ ಏರಿ ಒಳಗೊಳಗೇ ಯಾವತ್ತೋ ಕೊರೆದುಹೋಗಿತ್ತು. ಬಾಗಿಲು ತೆರೆದಾಗ ಅದು ಕಣ್ಣಿಗೆ ಬಿತ್ತು.

ನಮ್ಮಲ್ಲಿ ಇವತ್ತಿಗೂ ತುರ್ತು ಪರಿಸ್ಥಿತಿಯಲ್ಲಿ ರೈಲು ಟೈಮಿಗೆ ಬರ್ತಿತ್ತು ಅನ್ನುವವರು ಇದ್ದಾರೆ. ಅವರೊಮ್ಮೆ ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಹೋಗಿ ಬರಲಿ. ಅದು ಆಗ ಸೆಂಟ್ರಲ್ ಜೈಲು. ವಾಜಪೇಯಿ, ಆಡ್ವಾಣಿ ಅಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ಇಟ್ಟುಕೊಂಡು ತಿಂಗಳುಗಟ್ಟಲೆ ಅಲ್ಲಿದ್ದು, ಬಿಡುಗಡೆಯಾದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಕೊಂಡರು. ಈಗ ಅದೇ ಜಾಗದಲ್ಲಿ ಅಂಗನವಾಡಿ ಅಮ್ಮಂದಿರು, ರೈತರು ಕೂತು ಧಿಕ್ಕಾರ ಕೂಗುತ್ತಾರೆ. ಟ್ರಾಫಿಕ್ ಜಾಮ್ ಆಗುತ್ತೆ ಅಂತ ನಾವು ಬೈಯ್ಯುತ್ತೇವೆ. ನಾನೂ ಬೈದಿದ್ದೇನೆ. ಈಗ ಬೈಯ್ಯಲು ಮನಸ್ಸಾಗುವುದಿಲ್ಲ.

ಆ ವಾರದ ಎರಡು ವಿಡಿಯೋ ನನ್ನ ಫೋನಿನಲ್ಲಿ ಇನ್ನೂ ಇವೆ. ಒಂದರಲ್ಲಿ ಸಂಸತ್ತಿನಿಂದ ವಾಪಸ್ ಹೊರಟ ಕೊರಿಯಾದ ಸೈನಿಕನೊಬ್ಬ ಎದುರಿಗಿದ್ದವರಿಗೆ ತಲೆ ಬಗ್ಗಿಸಿ, ಮತ್ತೆ ಬಗ್ಗಿಸಿ ಕ್ಷಮೆ ಕೇಳುತ್ತಾನೆ. ಇನ್ನೊಂದು ಡಮಾಸ್ಕಸ್ ಹತ್ತಿರದ ಸೈದ್ನಾಯಾ ಜೈಲಿನದ್ದು. ಬಾಗಿಲು ಒಡೆದು ಒಳಗೆ ಬಂದ ಜನ ನೆಲದ ತುಂಬಾ ಬಿದ್ದಿರುವ ಕಡತಗಳ ನಡುವೆ ಕೂತಿದ್ದಾರೆ. ಮೊಬೈಲ್ ಟಾರ್ಚ್ ಹಾಕಿಕೊಂಡು ಒಂದೊಂದೇ ಹಾಳೆ ತಿರುವುತ್ತಿದ್ದಾರೆ, ಅಣ್ಣನದೋ, ಮಗನದೋ ಹೆಸರು ಸಿಗುತ್ತಾ ಅಂತ.