ಫೋಟೋ ಹಾಕಿ, ಆದರೆ ಎಳೆಯಬೇಡಿ

ಮೊನ್ನೆ ಭಾನುವಾರ ಸಾಗರದ ಹತ್ತಿರ ಒಂದು ಮನೆಗೆ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಊಟ ಆದ ಮೇಲೆ ಜಗಲಿಯ ಟಿವಿಯಲ್ಲಿ ಅಜ್ಜಿಯ ಫೋಟೋಗಳ ವಿಡಿಯೋ ಹಾಕಿದರು. ಮೊಮ್ಮಗ ರಾತ್ರಿಯೆಲ್ಲಾ ಕೂತು ಮಾಡಿದ್ದನಂತೆ. ಮೊದಲ ಫೋಟೋ ಬಂತು. ನನಗೆ ಅಜ್ಜಿಯ ಗುರುತೇ ಸಿಗಲಿಲ್ಲ.

ಅಜ್ಜಿಯದು ಕೋಲು ಮುಖ. ಟಿವಿಯಲ್ಲಿ ಇದ್ದದ್ದು ಅಡ್ಡಡ್ಡ ಹರಡಿದ ಒಂದು ಮುಖ. ಅಜ್ಜ ಇದ್ದಾಗ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಅದು, ಹಣೆಯಲ್ಲಿ ಕಾಸಿನಗಲ ಕುಂಕುಮ ಇತ್ತು. ಆ ದುಂಡು ಕುಂಕುಮ ಅವರೆಕಾಳಿನ ಹಾಗೆ ಅಡ್ಡ ಮಲಗಿಬಿಟ್ಟಿತ್ತು. ಕೈಯ ಬಳೆಗಳೂ ಹಾಗೇ. ನನ್ನ ಕಣ್ಣು ಅಲ್ಲೇ ನಿಂತುಹೋಯಿತು, ಮುಂದಿನ ಯಾವ ಫೋಟೋವೂ ಸರಿಯಾಗಿ ನೋಡಲಿಲ್ಲ.

ನಿಮಗೆಲ್ಲಾ ಗೊತ್ತೇ ಇದೆ, ಇಪ್ಪತ್ತು ವರ್ಷದ ಮೇಲಾಯಿತು ನಾನು ಡಿಟಿಪಿ ಕೆಲಸಕ್ಕೆ ಕೂತು. ಲಗ್ನಪತ್ರಿಕೆ, ಬಯೋಡೇಟಾ, ಅರ್ಜಿ, ಶ್ರದ್ಧಾಂಜಲಿ, ಎಲ್ಲದಕ್ಕೂ ಫೋಟೋ ಕೂರಿಸಿದ್ದೇನೆ. ಈ ಒಂದು ವಿಷಯಕ್ಕೆ ಬರುವಷ್ಟು ಸಿಟ್ಟು ನನಗೆ ಬೇರೆ ಯಾವುದಕ್ಕೂ ಬರುವುದಿಲ್ಲ. ಜಾಗ ತುಂಬಿಸಬೇಕು ಅಂತ ಮನುಷ್ಯರ ಮುಖವನ್ನು ಎಳೆಯಬೇಡಿ.

ಆ ವಿಡಿಯೋದಲ್ಲಿ ಆಗಿದ್ದು ಇಷ್ಟೇ. ಟಿವಿ ಪರದೆ 1920 ಪಿಕ್ಸೆಲ್ ಅಗಲ, 1080 ಎತ್ತರ. ಅಜ್ಜಿಯ ಫೋಟೋ 4×6 ಇಂಚಿನದು, ನಿಂತ ಫೋಟೋ. ಅದನ್ನು ಪೂರ್ತಿ ಎತ್ತರಕ್ಕೆ ಕೂರಿಸಿದರೆ ಅಗಲ 720 ಬರುತ್ತದೆ. ಎರಡೂ ಪಕ್ಕ ಜಾಗ ಖಾಲಿ ಉಳಿಯುತ್ತದೆ. ಹುಡುಗ ಆ ಖಾಲಿ ನೋಡಲಾಗದೆ 720 ಇದ್ದದ್ದನ್ನು 1920ಕ್ಕೆ ಎಳೆದಿದ್ದಾನೆ. ಅಂದರೆ ಅಜ್ಜಿಯ ಮುಖ ಎರಡೂವರೆ ಪಟ್ಟಿಗಿಂತ ಜಾಸ್ತಿ ಅಗಲ!

ಖಾಲಿ ಬಿಟ್ಟರೆ ಚೆನ್ನಾಗಿ ಕಾಣಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕಪ್ಪು ಪಟ್ಟಿ ನೋಡೋಕೆ ಬೇಜಾರು, ಒಪ್ಪಿದೆ. ಆದರೆ ಅದಕ್ಕೆ ದಾರಿ ಇದೆಯಲ್ಲ. ಇನ್‌ಶಾಟ್‌ನಂಥ ಆ್ಯಪ್‌ಗಳಲ್ಲಿ ಅದೇ ಫೋಟೋವನ್ನು ಹಿಂದೆ ಮಬ್ಬಾಗಿ ಹರಡಿ, ಮುಂದೆ ನಿಜವಾದ ಫೋಟೋ ಇಡಬಹುದು. ಒಂದು ನಿಮಿಷದ ಕೆಲಸ. ಇಲ್ಲದಿದ್ದರೆ ಎರಡು ನಿಂತ ಫೋಟೋ ಅಕ್ಕಪಕ್ಕ ಇಡಿ. ಅದೂ ಬೇಡ ಅಂದರೆ ಕಪ್ಪು ಪಟ್ಟಿಯೇ ಇರಲಿ. ಕಪ್ಪು ಪಟ್ಟಿಯಿಂದ ಯಾರ ಮುಖವೂ ಕೆಡುವುದಿಲ್ಲ.

ಅರ್ಜಿಗಳ ಕಥೆಯೂ ಇದೇ. ಬ್ಯಾಂಕ್ ಕೆಲಸದ ಐಬಿಪಿಎಸ್ ಅರ್ಜಿಗೆ ಫೋಟೋ 200×230 ಪಿಕ್ಸೆಲ್, 20ರಿಂದ 50 ಕೆಬಿ ಒಳಗೆ ಇರಬೇಕು. ಹುಡುಗರ ಹತ್ತಿರ ಇರುವುದು ಸ್ಟುಡಿಯೋದ 35×45 ಮಿಲಿಮೀಟರ್ ಫೋಟೋ. ಲೆಕ್ಕ ಹಾಕಿ ನೋಡಿ, ಅಗಲ 200 ಮಾಡಿದರೆ ಎತ್ತರ 257 ಬರುತ್ತದೆ. ಆ ಹೆಚ್ಚಿನ 27 ಪಿಕ್ಸೆಲನ್ನು ಮೇಲೆ ಕೆಳಗೆ ಕತ್ತರಿಸಬೇಕು. ಇವರು ಯಾವುದೋ ವೆಬ್‌ಸೈಟಿಗೆ ಹೋಗಿ 200, 230 ಅಂತ ಎರಡೂ ಅಂಕಿ ಒತ್ತಿಬಿಡುತ್ತಾರೆ. ಅದು ಮುಖವನ್ನು ಮೇಲಿಂದ ಅದುಮಿ ಕೂರಿಸುತ್ತದೆ. ಪರೀಕ್ಷೆಯ ದಿನ ಬಾಗಿಲಲ್ಲಿ ಮುಖ ಹೋಲಿಸಿ ನೋಡುವುದು ಇದೇ ಫೋಟೋದ ಜೊತೆ ಅಲ್ವಾ? ಅಮೆರಿಕದ ವೀಸಾಕ್ಕಂತೂ ಫೋಟೋ ಪೂರ್ತಿ ಚೌಕ ಇರಬೇಕು, ಅಲ್ಲಿ ಎಳೆದರೆ ಇನ್ನೂ ಕಷ್ಟ.

ವರ್ಡ್‌ನಲ್ಲಿ ಫೋಟೋ ಒತ್ತಿದಾಗ ಸುತ್ತ ಎಂಟು ಚುಕ್ಕಿ ಬರುತ್ತವೆ. ಮೂಲೆಯ ಚುಕ್ಕಿ ಹಿಡಿದು ಎಳೆದರೆ ಅಗಲ ಎತ್ತರ ಎರಡೂ ಜೊತೆಗೇ ಬದಲಾಗುತ್ತವೆ. ಪಕ್ಕದ ಚುಕ್ಕಿ ಹಿಡಿದರೆ ಮುಖ ಕೆಡುತ್ತದೆ. ಜಾಗಕ್ಕಿಂತ ಫೋಟೋ ದೊಡ್ಡದಾದರೆ ಕ್ರಾಪ್ ಮಾಡಿ, ಗೋಡೆ ಹೋಗಲಿ, ಕುರ್ಚಿ ಹೋಗಲಿ. ಈಗಾಗಲೇ ಎಳೆದಿದ್ದರೆ ರೀಸೆಟ್ ಪಿಕ್ಚರ್ ಆ್ಯಂಡ್ ಸೈಜ್ ಒತ್ತಿ, ಮೊದಲಿನ ಹಾಗೆ ಆಗುತ್ತದೆ. ಸಂಶಯ ಬಂದರೆ ಫೋಟೋದಲ್ಲಿ ದುಂಡಗಿನದ್ದು ಏನಿದೆ ಹುಡುಕಿ. ಬೊಟ್ಟು, ಗೋಡೆ ಗಡಿಯಾರ, ಸೈಕಲ್ ಚಕ್ರ. ನೇರಕ್ಕೆ ತೆಗೆದ ಫೋಟೋದಲ್ಲಿ ಅದು ದುಂಡಗೇ ಇರಬೇಕು.

"ಅಷ್ಟೆಲ್ಲಾ ಯಾರು ನೋಡ್ತಾರೆ ಬಿಡಿ" ಅಂತ ಅಂಗಡಿಗೆ ಬಂದವರು ಹೇಳುತ್ತಾರೆ. ನೋಡುತ್ತಾರೆ. ಮನೆಯವರು ನೋಡೇ ನೋಡುತ್ತಾರೆ. ಇದು ನನಗೆ ಹೇಗೆ ಗೊತ್ತು ಅಂತ ಇವತ್ತಿನವರೆಗೂ ಯಾರ ಹತ್ತಿರವೂ ಹೇಳಿರಲಿಲ್ಲ.

2004ರಲ್ಲಿ ಅಪ್ಪ ತೀರಿಕೊಂಡರು. ಆಮಂತ್ರಣದ ಕಾರ್ಡ್ ನಾನೇ ಮಾಡಿದೆ. ಪೇಜ್‌ಮೇಕರ್‌ನಲ್ಲಿ ಚೌಕ ಎಳೆದುಕೊಂಡಿದ್ದೆ, ಅಪ್ಪನ ಫೋಟೋ ಉದ್ದ ಇತ್ತು. ಪ್ರೆಸ್‌ನವರು ಬಾಗಿಲಲ್ಲಿ ಕಾಯುತ್ತಿದ್ದರು. ಪಕ್ಕಕ್ಕೆ ಎಳೆದು ಕೂರಿಸಿ ಕೊಟ್ಟುಬಿಟ್ಟೆ. ಅಮ್ಮ ಕಾರ್ಡ್ ಹಿಡಿದುಕೊಂಡು ತುಂಬಾ ಹೊತ್ತು ನೋಡಿದರು. ಅಪ್ಪನ ಕೆನ್ನೆಯ ಮೇಲೆ ಬೆರಳಿಟ್ಟು, "ಇವರ ಕೆನ್ನೆ ಹೀಗಿರಲಿಲ್ಲ ಕಣೋ" ಅಂದರು. ಬೈಯಲಿಲ್ಲ. ಅಷ್ಟೊತ್ತಿಗೆ 300 ಕಾರ್ಡ್ ಊರೆಲ್ಲಾ ಹೋಗಿತ್ತು. ಒಂದು ಕಾರ್ಡ್ ಇನ್ನೂ ದೇವರ ಮನೆಯ ಡಬ್ಬಿಯಲ್ಲಿದೆ, ನಾನು ಅದನ್ನು ತೆಗೆದು ನೋಡುವುದಿಲ್ಲ.

ಹಾಗಾಗಿ ಮೊನ್ನೆ ಆ ಹುಡುಗನ ಮೇಲೆ ರೇಗಲಿಲ್ಲ. ಹೊರಡುವಾಗ ಪಕ್ಕಕ್ಕೆ ಕರೆದು, ಮೂಲ ಫೋಟೋಗಳನ್ನು ಕಳಿಸು, ವಿಡಿಯೋ ಸರಿ ಮಾಡಿ ಕೊಡುತ್ತೇನೆ ಎಂದೆ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಅಂತ ಕಳಿಸು ಎಂದೂ ಹೇಳಿದೆ. ನಿನ್ನೆ ರಾತ್ರಿ ಹದಿನಾಲ್ಕು ಬಂದಿವೆ. ಸ್ಟುಡಿಯೋದ್ದು ಇನ್ನೂ ಬಂದಿಲ್ಲ, ಗೋಡೆಯಿಂದ ಇಳಿಸಿ, ಗಾಜು ತೆಗೆದು ಸ್ಕ್ಯಾನ್ ಮಾಡಿಸಬೇಕಂತೆ. ಕಾಯುತ್ತಿದ್ದೇನೆ.