ಕಂಬಿ ಹಿಡಿದು ಕೇಳುವ ಸಂಗೀತ

ಬ್ಯಾಲೆ ಕಲಿಯುವವರ ದಿನ ಬಾರ್‌ನಲ್ಲಿ ಆರಂಭವಾಗುತ್ತದೆ ಎಂದರೆ ಕೇಳಿದವರು ಹುಬ್ಬೇರಿಸಬಹುದು. ಆದರೆ ಈ ಬಾರ್ ಗೋಡೆಯುದ್ದಕ್ಕೂ ಹಾಯಿಸಿದ ಒಂದು ಕಂಬಿ, ಅಷ್ಟೆ. ಅದನ್ನು ಒಂದು ಕೈಯಲ್ಲಿ ಹಿಡಿದು, ಮೊದಲು ಒಂದು ಬದಿಗೆ, ಆಮೇಲೆ ತಿರುಗಿ ಇನ್ನೊಂದು ಬದಿಗೆ, ಮಂಡಿ ಮಡಿಸುವ ಅದೇ ಪ್ಲಿಯೆ, ಕಾಲು ಚಾಚುವ ಅದೇ ತಾಂದ್ಯುಗಳನ್ನು ವರ್ಷಗಟ್ಟಲೆ ಮಾಡುವುದನ್ನು ಕಂಡ ಹೊರಗಿನವರು ಇದನ್ನು ವ್ಯಾಯಾಮವೆಂದೇ ತಿಳಿಯುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಕಲೆಯೆಲ್ಲ ಕಂಬಿ ಬಿಟ್ಟು ಕೋಣೆಯ ನಡುವಿಗೆ ಬಂದ ಮೇಲೆ, ಇಲ್ಲಿ ಸುರಿಸುವುದು ಬರೀ ಬೆವರು ಎಂದುಕೊಂಡು, ಬಸ್ಸಿನಲ್ಲಿ ನಿಂತವರಂತೆ ಕಂಬಿಯನ್ನು ಬಿಗಿಹಿಡಿದಿರುತ್ತಿದ್ದೆ.

ನನ್ನ ಆ ಎಣಿಕೆ ತಲೆಕೆಳಗಾದದ್ದು ತಾಂದ್ಯುವಿನಿಂದ. ಫ್ರೆಂಚಿನಲ್ಲಿ ಅದಕ್ಕೆ ‘ಚಾಚಿದ್ದು’ ಎಂದರ್ಥ. ಪಾದವನ್ನು ನೆಲಕ್ಕೆ ಒತ್ತಿ ಸರಿಸುತ್ತಾ ಹೋದಂತೆ ಮೊದಲು ಹಿಮ್ಮಡಿ ಏಳುತ್ತದೆ, ಆಮೇಲೆ ಪಾದದ ಮುಂಭಾಗ. ಕೊನೆಗೆ ಬೆರಳತುದಿ ಮಾತ್ರ ನೆಲಕ್ಕೆ ಅಂಟಿಕೊಂಡಿರುತ್ತದೆ, ಮತ್ತು ಬಂದ ದಾರಿಯಲ್ಲೇ ಪಾದ ಹಿಂದಿರುಗಬೇಕು. ನಾನು ‘ಒಂದು’ ಎಂದಾಗ ಹೊರಗೆ, ‘ಎರಡು’ ಎಂದಾಗ ಒಳಗೆ ಎಂದು ಲೆಕ್ಕವಿಟ್ಟು ಮಾಡುತ್ತಿದ್ದೆ. ಒಂದು ದಿನ ಗುರುಗಳು ಚಲನೆಯನ್ನು ಮುಟ್ಟದೆ ಒತ್ತನ್ನಷ್ಟೇ ಬದಲಿಸಿದರು: ‘ಒಂದು’ ಎನ್ನುವಾಗ ಪಾದ ಒಳಗೆ ಬಂದು ಸೇರಿರಬೇಕು. ಅಂದರೆ ಕಾಲು ಹೊರಡಬೇಕಾದದ್ದು ಎಣಿಕೆಗೂ ಮುಂಚೆ, ಪಿಯಾನೊ ನುಡಿಸುವವರ ಕೈ ಇನ್ನೂ ಗಾಳಿಯಲ್ಲಿರುವ ಗಳಿಗೆಯಲ್ಲಿ. ನಾನು ತಬ್ಬಿಬ್ಬಾದೆ. ಅಲ್ಲಿಯವರೆಗೆ ನನ್ನ ಕಿವಿಗೆ ಬಿದ್ದದ್ದು ಸಂಖ್ಯೆಗಳೇ ಹೊರತು ಸಂಗೀತವಲ್ಲ ಎಂಬುದು ಆಗ ಗೊತ್ತಾಯಿತು.

ಪ್ಲಿಯೆಯಲ್ಲಿ ಇದು ಇನ್ನೂ ನಿಚ್ಚಳ. ನಾಲ್ಕು ಎಣಿಕೆಗೆ ಮಂಡಿ ಮಡಿಸಿ ಇಳಿದು, ನಾಲ್ಕು ಎಣಿಕೆಗೆ ಏಳಬೇಕೆಂದಿದ್ದರೆ, ಹೊಸಬರು ಎರಡಕ್ಕೇ ತಳ ಮುಟ್ಟಿ, ಉಳಿದೆರಡು ಎಣಿಕೆ ರಾಗವು ತಮ್ಮ ಬಳಿಗೆ ಬರಲೆಂದು ಕಾದು ಕುಳಿತುಬಿಡುತ್ತಾರೆ. ತಾಳ ತಪ್ಪಿರುವುದಿಲ್ಲ, ಆದರೂ ನೃತ್ಯ ಅಲ್ಲಿಗೆ ನಿಂತುಹೋಗಿರುತ್ತದೆ. ಪಳಗಿದವರ ಇಳಿತಕ್ಕೆ ತಳವೇ ಕಾಣುವುದಿಲ್ಲ. ಇಳಿಯುವುದು ಎಲ್ಲಿ ಮುಗಿದು ಏಳುವುದು ಎಲ್ಲಿ ಮೊದಲಾಯಿತೆಂದು ಹೇಳುವುದು ಕಷ್ಟ. ಹೆಸರುಗಳೇ ದಾರಿ ತೋರಿಸುತ್ತವೆ: ಫೋಂದ್ಯು ಎಂದರೆ ‘ಕರಗಿದ್ದು’, ಫ್ರಾಪೆ ಎಂದರೆ ‘ಹೊಡೆದದ್ದು’. ಒಂದರಲ್ಲಿ ಎರಡೂ ಕಾಲುಗಳು ಒಟ್ಟಿಗೇ ಬಾಗಿ ಒಟ್ಟಿಗೇ ನೇರವಾಗಬೇಕು, ಯಾವುದೂ ಮುಂದೋಡಬಾರದು. ಇನ್ನೊಂದರಲ್ಲಿ ಪಾದ ಚಟ್ಟನೆ ಚಿಮ್ಮಿ ಹೊರಗೇ ಒಂದು ಕ್ಷಣ ನಿಲ್ಲಬೇಕು. ಎರಡನ್ನೂ ಒಂದೇ ಮುಖಭಾವದಲ್ಲಿ ಮಾಡಿ ಮುಗಿಸುವವರನ್ನು ಕಂಡರೆ ನನಗೆ ಪಿಯಾನೊ ವಾದಕರ ಮೇಲೆ ಮರುಕ ಹುಟ್ಟುತ್ತದೆ.

ಹಿಂದೆ ಗುರುಗಳೇ ಪುಟ್ಟ ಪಿಟೀಲು ಹಿಡಿದು ನುಡಿಸುತ್ತಾ ಪಾಠ ಹೇಳುತ್ತಿದ್ದುದುಂಟು. ಫ್ರೆಂಚ್ ಚಿತ್ರಕಾರ ದೆಗಾ ಬಿಡಿಸಿದ ನೃತ್ಯಾಭ್ಯಾಸದ ಚಿತ್ರಗಳಲ್ಲಿಯೂ ಅಲ್ಲಲ್ಲಿ ಪಿಟೀಲುಗಾರ ಕಾಣುತ್ತಾನೆ. ತಾಂದ್ಯುವಿನ ಮೇಲೆ ಪಟ್ಟು ಬಿಡದೆ ದುಡಿಸಿದ ಬ್ಯಾಲೆ ನೃತ್ಯ ಸಂಯೋಜಕ ಬ್ಯಾಲಂಚಿನ್ (1904–1983) ಸಂಗೀತ ಸಂಯೋಜಕರ ಮಗ, ಸ್ವತಃ ಪಿಯಾನೊ ಕಲಿತವರು. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ನನಗೀಗ ಪ್ರಿಯವಾದದ್ದು ಅಭ್ಯಾಸಕ್ಕೂ ಮುಂಚಿನ ಪೀಠಿಕೆ. ವಾದಕರು ನುಡಿಸುವ ಆ ನಾಲ್ಕು ಎಣಿಕೆಗಳಲ್ಲಿ ಕೈ ಮುಂದಕ್ಕೆ ಬಂದು ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಕಣ್ಣು ಅದನ್ನು ಹಿಂಬಾಲಿಸುತ್ತದೆ. ಕಾಲಿಗೆ ಇನ್ನೂ ಕೆಲಸವಿಲ್ಲ. ಹಲವರು ಈ ಹೊತ್ತನ್ನು ಕೂದಲು ಸರಿಮಾಡಿಕೊಳ್ಳಲು ಬಳಸುತ್ತಾರೆ. ಆದರೆ ಉಸಿರನ್ನು ಆ ಸ್ವರಗಳ ಜೊತೆಗೇ ಒಳಗೆಳೆದುಕೊಂಡರೆ, ವೇಗ, ಭಾರ, ಭಾವ ಎಲ್ಲವೂ ಅಲ್ಲೇ ಸಿಗುತ್ತವೆ.

ಮೊನ್ನೆ ಒಂದು ಬದಿ ಮುಗಿದಾಗ, ವಾದಕರು ಕೊನೆಯ ಸ್ವರವನ್ನು ತುಸು ಹೆಚ್ಚೇ ಎಳೆದರು. ಬಲಗಾಲ ಬೆರಳತುದಿ ಇನ್ನೂ ನೆಲದ ಮೇಲೆ ಚಾಚಿಕೊಂಡೇ ಇತ್ತು, ಕಂಬಿಯ ಮೇಲಿನ ಎಡಗೈ ನನಗೆ ತಿಳಿಯದಂತೆಯೇ ಮೇಲೆದ್ದಿತ್ತು. ಅಷ್ಟರಲ್ಲಿ ತಿರುಗುವ ಹೊತ್ತಾಯಿತು. ಎಡಗಾಲಿಗೆ ಮಾತ್ರ ಈ ವಿಚಾರಗಳೊಂದೂ ಇನ್ನೂ ತಲುಪಿದಂತಿಲ್ಲ.