ಬೇಡ ಅನ್ನೋದಾದರೆ ಸೇರೋ ತಾರೀಖು ಯಾಕೆ ಕೇಳಿದಿರಿ?

ಹೊಟ್ಟೆಯೊಳಗೆ ಬೆಂಕಿ ಉರಿಯುತ್ತಿದೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ಇವತ್ತೂ ನಿದ್ದೆ ಬರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನವೆಂಬರ್ 27ಕ್ಕೆ ಶಿವಮೊಗ್ಗದಲ್ಲಿ ಒಂದು ಖಾಸಗಿ ಬ್ಯಾಂಕಿನ ಇಂಟರ್‌ವ್ಯೂಗೆ ಹೋಗಿದ್ದೆ. ಕ್ರೆಡಿಟ್ ಆಫೀಸರ್ ಕೆಲಸ. ಸಾಲದ ಅರ್ಜಿ ನೋಡೋದು, ಲೆಕ್ಕಪತ್ರ ತಾಳೆ ಹಾಕೋದು, ಅಂಗಡಿಗೋ ತೋಟಕ್ಕೋ ಹೋಗಿ ಕಣ್ಣಾರೆ ನೋಡಿ ವರದಿ ಬರೆಯೋದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ ಮುಗಿಸಿದವಳು ನಾನು. ನಾಲ್ಕು ವರ್ಷದಿಂದ ದುರ್ಗಿಗುಡಿಯ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್, ಬ್ಯಾಲೆನ್ಸ್ ಶೀಟ್ ಅಂತ ದುಡಿಯುತ್ತಿದ್ದೇನೆ. ಈ ಕೆಲಸ ನನಗೆ ಹೇಳಿ ಮಾಡಿಸಿದ ಹಾಗಿತ್ತು.

ಇಂಟರ್‌ವ್ಯೂ ಕೆಟ್ಟದಾಗಿ ಆಗಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಆದರೆ ಅವತ್ತು ಕೇಳಿದ್ದಕ್ಕೆಲ್ಲ ಉತ್ತರ ಬಾಯಲ್ಲೇ ಇತ್ತು. ಕಂತು ತಪ್ಪಿದ ಸಾಲವನ್ನು ಹೇಗೆ ವಿಂಗಡಿಸುತ್ತೀರಿ ಅಂದರು. ಕಣ್ಣಿಡಬೇಕಾದ ಸಾಲಕ್ಕೆ ಎಸ್‌ಎಂಎ ಅಂತಾರೆ, ಅದರಲ್ಲಿ 30 ದಿನದವರೆಗೆ ಎಸ್‌ಎಂಎ-0, 60ರವರೆಗೆ ಎಸ್‌ಎಂಎ-1, 90ರವರೆಗೆ ಎಸ್‌ಎಂಎ-2, ಅದು ದಾಟಿದರೆ ಕೆಟ್ಟ ಸಾಲ, ಅಂದರೆ ಎನ್‌ಪಿಎ ಅಂದೆ. ಅಡಿಕೆ ಬೆಳೆಗಾರರು ತಿಂಗಳ ಕಂತು ಕಟ್ಟೋಕೆ ಯಾಕೆ ಒದ್ದಾಡುತ್ತಾರೆ ಅಂತ ಕೇಳಿದರು. ನನ್ನನ್ನೇ ಕೇಳಿದರಲ್ಲ! ತೀರ್ಥಹಳ್ಳಿ ಕಡೆ ಒಂದೂವರೆ ಎಕರೆ ತೋಟದ ಮನೆಯಲ್ಲಿ ಬೆಳೆದವಳು. ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ಮೇಲೇ ನಮ್ಮ ಕೈಗೆ ದುಡ್ಡು ಬರೋದು. ತಿಂಗಳು ತಿಂಗಳು ಯಾರು ಕೊಡುತ್ತಾರೆ? ಮಳೆಗಾಲದಲ್ಲಿ ಕೊಳೆ ರೋಗ ಬಂದರೆ, ಎಲೆಚುಕ್ಕೆ ರೋಗ ಬಂದರೆ ಅದೂ ಇಲ್ಲ. ಕಂತನ್ನು ಬೆಳೆ ಕೈಗೆ ಬರೋ ಕಾಲಕ್ಕೆ ಹೊಂದಿಸಬೇಕು ಸಾರ್ ಅಂದೆ. ನಡುವೆ ಕೂತಿದ್ದ ಮ್ಯಾನೇಜರ್ ಪಕ್ಕದವರಿಗೆ, "ನೋಡಿ, ನಮಗೆ ಬೇಕಾಗಿರೋದು ಇಂಥವರು" ಅಂದರು. ನನ್ನ ಎದುರಿಗೇ.

ಕೊನೆಯ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. "ಸಾಲದ ಅರ್ಜಿ ತಿರಸ್ಕಾರ ಆದರೆ ಗ್ರಾಹಕರಿಗೆ ಏನು ಹೇಳ್ತೀರಮ್ಮ?" ಬ್ಯಾಂಕು ಸಾಲ ಕೊಡಲ್ಲ ಅಂದರೆ ಮುಖ್ಯ ಕಾರಣವನ್ನು ಬರೆದು ತಿಳಿಸಬೇಕು, ರಿಸರ್ವ್ ಬ್ಯಾಂಕ್ ಹಾಗೆ ಹೇಳಿದೆ ಅಂದೆ. ಮೂರೂ ಜನ ತಲೆಯಾಡಿಸಿದರು.

ಆಮೇಲೆ ಎಚ್‌ಆರ್ ಮೇಡಂ ಹೊರಗೆ ಕೂರಿಸಿಕೊಂಡು ಮಾತಾಡಿದರು. ಈಗಿನ ಸಂಬಳ ಎಷ್ಟು, ಎಷ್ಟು ನಿರೀಕ್ಷೆ ಇದೆ, ನೋಟಿಸ್ ಎಷ್ಟು ದಿನ. ಮೂರು ತಿಂಗಳ ಸಂಬಳದ ಸ್ಲಿಪ್, ಪ್ಯಾನ್, ಆಧಾರ್ ಎಲ್ಲ ಇವತ್ತೇ ಮೇಲ್ ಮಾಡಿ ಅಂದರು. "ಜನವರಿ ಒಂದಕ್ಕೆ ಸೇರ್ಕೊಳ್ಳೋಕೆ ಆಗುತ್ತಾ?" ಅಂತಲೂ ಕೇಳಿದರು. ಆಗುತ್ತೆ ಮೇಡಂ ಅಂದೆ. "ಬೆಂಗಳೂರಿಂದ ಲೆಟರ್ ಬರುತ್ತೆ, ಅದೊಂದೇ ಬಾಕಿ" ಅಂದರು. ನೀವೇ ಹೇಳಿ, ಇದನ್ನು ಕೇಳಿದ ಯಾರೇ ಆದರೂ ಏನು ಅಂದುಕೊಳ್ಳುತ್ತಾರೆ?

ಅವತ್ತು ರಾತ್ರಿಯೇ ಅಪ್ಪಯ್ಯನಿಗೆ ಫೋನ್ ಮಾಡಿದೆ. ಮಾರನೇ ದಿನ ನಮ್ಮ ಆಫೀಸಿನ ಸಾರ್‌ಗೂ ಹೇಳಿದೆ. ಹೇಳದೇ ಬಿಟ್ಟು ಹೋಗೋದು ತಪ್ಪು, ಅವರು ನನಗೆ ಕೆಲಸ ಕಲಿಸಿದವರು. ಒಳ್ಳೇದಾಗಲಿ ಅಂದರು. ನನ್ನ ಜಾಗಕ್ಕೆ ಜನವರಿಯಿಂದ ಬಾ ಅಂತ ಒಬ್ಬ ಹುಡುಗನಿಗೆ ಮಾತು ಕೊಟ್ಟರು.

ಆಮೇಲೆ ಒಂದು ವಾರ ಸುದ್ದಿಯಿಲ್ಲ. ಎರಡು ವಾರ ಸುದ್ದಿಯಿಲ್ಲ. ಫೋನ್ ಮಾಡಿದರೆ ಎತ್ತಲ್ಲ. ಒಂದು ಸಲ ಎತ್ತಿ "ಪ್ರೋಸೆಸ್‌ನಲ್ಲಿದೆ" ಅಂತ ಇಟ್ಟರು.

ಡಿಸೆಂಬರ್ 20, ಮಧ್ಯಾಹ್ನ. ನಮ್ಮ ಆಫೀಸಿನಲ್ಲಿ 20 ಅಂದರೆ ಉಸಿರಾಡೋಕೂ ಪುರುಸೊತ್ತಿಲ್ಲ, ವ್ಯಾಪಾರಿಗಳ ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಹಾಕೋ ಕೊನೇ ದಿನ. ಹಾರ್ಡ್‌ವೇರ್ ಅಂಗಡಿಯವರೊಬ್ಬರ ರಿಟರ್ನ್ ಹಾಕುತ್ತಿದ್ದೆ. ಫೋನ್ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು "ಒಟಿಪಿ ಬಂತಾ ಅಣ್ಣಾ, ಹೇಳಿ" ಅನ್ನುತ್ತಿದ್ದೆ. ಅಷ್ಟರಲ್ಲಿ ಸ್ಕ್ರೀನಿನ ಮೂಲೆಯಲ್ಲಿ ಮೇಲ್ ಬಂತು. "ಡಿಯರ್ ಕ್ಯಾಂಡಿಡೇಟ್". ನನ್ನ ಹೆಸರೂ ಇಲ್ಲ. ನಿಮ್ಮ ಆಸಕ್ತಿಗೆ ಧನ್ಯವಾದ, ಈ ಸಲ ಮುಂದುವರಿಯೋಕೆ ಆಗುತ್ತಿಲ್ಲ, ಶುಭವಾಗಲಿ. ಕೆಳಗೆ, ಈ ವಿಳಾಸಕ್ಕೆ ಉತ್ತರ ಬರೆಯಬೇಡಿ ಅಂತ. ಅಷ್ಟೇ. ಆ ಕಡೆಯಿಂದ ಅಣ್ಣ ಆರು ಅಂಕಿ ಹೇಳುತ್ತಿದ್ದಾರೆ, ನನಗೆ ಕಿವಿಗೇ ಬೀಳುತ್ತಿಲ್ಲ. ಮೂರು ಸಲ ಹೇಳಿಸಿಕೊಂಡೆ. ಅವತ್ತು ಇನ್ನೂ ಹನ್ನೊಂದು ರಿಟರ್ನ್ ಬಾಕಿ ಇತ್ತು, ಎಲ್ಲ ಮುಗಿಸಿಯೇ ಎದ್ದೆ. ಪಿಜಿಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ತೆರಿಗೆ ಕಟ್ಟೋದಿರುವ ವ್ಯಾಪಾರಿ 3ಬಿ ತಡ ಮಾಡಿದರೆ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ. 23 ದಿನ ನನ್ನನ್ನು ತೂಗುಯ್ಯಾಲೆಯಲ್ಲಿ ಕೂರಿಸಿದವರಿಗೆ ಯಾರು ಹಾಕುತ್ತಾರೆ ದಂಡ?

ಕೆಲಸ ಕೊಡಲಿಲ್ಲ ಅಂತ ನನಗೆ ಸಿಟ್ಟಿಲ್ಲ. ನನಗಿಂತ ಜಾಸ್ತಿ ಅನುಭವ ಇರೋರು ಸಿಕ್ಕಿರಬಹುದು. ಮೇಲಿನವರು ಆ ಹುದ್ದೆಯನ್ನೇ ತಡೆಹಿಡಿದಿರಬಹುದು. ಹಾಗಿದ್ದರೆ ಹೇಳಿ! ಸಾಲ ಕೇಳಿ ಬಂದವರಿಗೆ ಕಾರಣ ಹೇಳಬೇಕು ಅಂತ ನನ್ನ ಬಾಯಲ್ಲೇ ಹೇಳಿಸಿದಿರಲ್ಲ, ಕೆಲಸ ಕೇಳಿ ಬಂದವರಿಗೆ ಒಂದು ಸಾಲು ಬರೆಯೋಕೆ ನಿಮಗೆ ಏನು ಕಷ್ಟ? ಏನು ಕಡಿಮೆ ಆಯ್ತು ಅಂತ ಗೊತ್ತಾದರೆ ತಾನೇ ಮುಂದಿನ ಸಲಕ್ಕೆ ಓದಿಕೊಳ್ಳೋದು? ಈಗ ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತುತ್ತದೆ. ಸಂಬಳ ಜಾಸ್ತಿ ಕೇಳಿದೆನಾ? ಇಂಗ್ಲಿಷಿನಲ್ಲಿ ತಡವರಿಸಿದೆನಾ? ಮದುವೆ ಯಾವಾಗ ಅಂತ ಒಬ್ಬರು ಕೇಳಿದ್ದರು, ಇನ್ನೂ ಯೋಚಿಸಿಲ್ಲ ಅಂದಿದ್ದೆ, ಅದಾ?

ಆ ಶನಿವಾರ ಊರಿಗೆ ಹೋಗೋಕೇ ಮನಸ್ಸಿರಲಿಲ್ಲ. ಈಗ ಸುಲಿಯೋ ಕಾಲ. ಜಗಲಿಯಲ್ಲಿ ಏಳೆಂಟು ಜನ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿ ಹತ್ತರವರೆಗೂ ಅಡಿಕೆ ಸುಲಿಯುತ್ತಾರೆ. ಅಪ್ಪಯ್ಯ ಖುಷಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದರು. ನಾನು ಚಪ್ಪಲಿ ಬಿಡೋ ಹೊತ್ತಿಗೇ, "ಬ್ಯಾಂಕಿಗೆ ಯಾವತ್ತಿಂದ ಹೋಗೋದೇ ಮಾರಾಯ್ತಿ?" ಅಂತ ಒಬ್ಬರು ಕೇಳಿದರು. ಪ್ರೀತಿಯಿಂದಲೇ ಕೇಳಿದ್ದು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅಪ್ಪಯ್ಯ ತಲೆ ಎತ್ತದೆ, "ಅದು ಇನ್ನೂ ಸ್ವಲ್ಪ ತಡ ಆಗುತ್ತೆ" ಅಂದರು. ಅವರ ಕೈಗಳು ಅಡಿಕೆಯ ಚೊಗರು ಹತ್ತಿ ಕಪ್ಪಾಗಿದ್ದವು. ಆ ಕೈಗಳಿಂದ ದುಡಿದೇ ನನ್ನನ್ನು ಓದಿಸಿದ್ದು. ಜನರ ಎದುರು ನನಗೋಸ್ಕರ ಅವರು ಸುಳ್ಳು ಹೇಳಬೇಕಾಯಿತಲ್ಲ, ಅದನ್ನು ಮಾತ್ರ ನನ್ನಿಂದ ಸಹಿಸೋಕೆ ಆಗುತ್ತಿಲ್ಲ.

ದಯವಿಟ್ಟು ಯಾರೂ "ಆಗೋದೆಲ್ಲ ಒಳ್ಳೇದಕ್ಕೇ" ಅನ್ನಬೇಡಿ. ದೊಡ್ಡಮ್ಮ ಅಂದರು, ಪಿಜಿಯವರು ಅಂದರು, ಕೇಳಿ ಕೇಳಿ ಸಾಕಾಗಿದೆ. ಸಾರ್ ಮಾತ್ರ ಹಾಗೆ ಹೇಳಲಿಲ್ಲ. ಹೊಸ ಹುಡುಗನೂ ಬರಲಿ, ನೀನೂ ಇರು, ಮಾರ್ಚ್‌ವರೆಗೆ ಇಬ್ಬರಿಗೂ ಕೆಲಸ ಇದೆ ಅಂದರು. ಮಾರ್ಚ್ ಆದ ಮೇಲೆ ಏನು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೇರೆ ಎರಡು ಕಡೆ ಅರ್ಜಿ ಹಾಕಿದ್ದೇನೆ. ಈ ಸಲ ಲೆಟರ್ ಕೈಗೆ ಬರೋವರೆಗೂ ಮನೆಯಲ್ಲಿ ಬಾಯಿ ಬಿಡಲ್ಲ.

ಸಂಬಳದ ಸ್ಲಿಪ್ ಕಳಿಸಿದ್ದೆನಲ್ಲ, ಆ ಎಚ್‌ಆರ್ ಮೇಡಂ ವಿಳಾಸ ನನ್ನ ಹತ್ತಿರ ಇದೆ. ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಇವತ್ತು ಮೂರನೇ ಸಲ ಬರೆದೆ. ನಮಸ್ಕಾರ ಮೇಡಂ, ನನ್ನನ್ನು ಬೇಡ ಅಂದಿದ್ದಕ್ಕೆ ಮುಖ್ಯ ಕಾರಣ ಏನು ಅಂತ ದಯವಿಟ್ಟು ತಿಳಿಸಿ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದ್ದೇನೆ.